ಹವಳಕ್ಕೆ ಬೆಳಕೇ ಅನ್ನ

ಮನೆಯ ಪಡಸಾಲೆಯಲ್ಲಿ ಬಣ್ಣಬಣ್ಣದ ಮೀನುಗಳ ಗಾಜಿನ ತೊಟ್ಟಿಯನ್ನಿರಿಸುವುದು ನಮ್ಮ ನಗರವಾಸಿಗಳಿಗೆ ಹೊಸ ಹವ್ಯಾಸವೇನಲ್ಲ. ಅದರಿಂದ ಒಂದು ಹೆಜ್ಜೆ ಮುಂದೆ ಹೋಗಿ, ಉಪ್ಪುನೀರಿನ ಪುಟ್ಟ ತೊಟ್ಟಿಯಲ್ಲಿ ಹವಳಗಳನ್ನು ಬೆಳೆಸುವವರೂ ಈಗ ಅಲ್ಲಲ್ಲಿ ಕಾಣಸಿಗುತ್ತಾರೆ. ಎರಡಡಿ ಉದ್ದದ ಗಾಜಿನೊಳಗೆ ಕಡಲಿನ ಒಂದು ಮೂಲೆಯನ್ನೇ ಕಂಡಂತಾಗುವ ಈ ಸೊಬಗು ಯಾರ ಮನಸ್ಸನ್ನು ತಾನೆ ಸೆಳೆಯದು? ಆದರೆ ಇಲ್ಲಿ ಹಣ ವ್ಯರ್ಥವಾಗುವುದೂ ಹವಳ ಸಾಯುವುದೂ ಅನೇಕ ವೇಳೆ ದೀಪದ ಆಯ್ಕೆ ತಪ್ಪಿದಾಗಲೇ. ಮೀನಿನ ತೊಟ್ಟಿಯ ದೀಪ ನಮ್ಮ ಕಣ್ಣಿನ ಸುಖಕ್ಕಾಗಿ. ಹವಳದ ತೊಟ್ಟಿಯ ದೀಪವಾದರೋ ಅದರ ಹೊಟ್ಟೆಪಾಡಿಗಾಗಿ.

ಮನೆಯೊಳಗಿನ ಬಾಡಿಗೆದಾರ

ಹವಳವು ಗಿಡವಲ್ಲ, ಕಲ್ಲೂ ಅಲ್ಲ, ಅದೊಂದು ಪ್ರಾಣಿ. ಅದರ ಮೃದುವಾದ ಮೈಯೊಳಗೆ ಬರಿಗಣ್ಣಿಗೆ ಕಾಣದ ಏಕಕೋಶದ ಪಾಚಿಗಳು ವಾಸಿಸುತ್ತವೆ. ಹಗಲೆಲ್ಲ ಬೆಳಕಿನಿಂದ ಸಕ್ಕರೆಯನ್ನು ತಯಾರಿಸಿ, ಅದರ ಬಹುಪಾಲನ್ನು ಮನೆಯೊಡೆಯನಾದ ಹವಳಕ್ಕೆ ಬಡಿಸುವುದೇ ಈ ಬಾಡಿಗೆದಾರರ ಕೆಲಸ. ಬೆಳಕು ಸಾಲದಾದರೆ ಹವಳ ಉಪವಾಸ ಬೀಳುತ್ತದೆ. ಬೆಳಕು ಮಿತಿಮೀರಿದರೆ ಪಾಚಿಯೊಳಗೆ ವಿಷಕಾರಿ ವಸ್ತುಗಳು ಹೆಚ್ಚಿ, ಹವಳವು ಅದನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಆದುದರಿಂದ ಅತಿ ಪ್ರಖರವಾದ ದೀಪವೇ ಅತ್ಯುತ್ತಮವೆಂಬ ಭಾವನೆ ಸರಿಯಲ್ಲ.

ನೀಲಿಯ ಮಹಿಮೆ

ಸೂರ್ಯನ ಬೆಳಕು ಕಡಲನ್ನು ಹೊಕ್ಕಾಗ ಕೆಂಪು ಬಣ್ಣವು ಮೇಲಿನ ಕೆಲವೇ ಮೀಟರುಗಳಲ್ಲಿ ಕರಗಿಹೋಗುತ್ತದೆ. ನೀಲಿ ಮಾತ್ರ ಆಳಕ್ಕಿಳಿಯುತ್ತದೆ. ಹವಳದೊಳಗಿನ ಪಾಚಿಯೂ ಆ ನೀಲಿಗೇ ಒಗ್ಗಿಕೊಂಡಿದೆ. 420ರಿಂದ 480 ನ್ಯಾನೊಮೀಟರ್ ತರಂಗಾಂತರದ ಬೆಳಕು ಅದಕ್ಕೆ ಮುಖ್ಯ ಆಹಾರ. ಪ್ರಖರವಾದ ನೀಲಿ ಎಲ್‌ಇಡಿಯನ್ನು ಸಾಧ್ಯಗೊಳಿಸಿದ ಅಕಾಸಾಕಿ, ಅಮಾನೊ, ನಕಾಮುರ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಕ ದೊರಕಿತು. ಮನೆಯಲ್ಲಿ ಹವಳ ಬೆಳೆಸುವವರಿಗೂ ಅವರು ಉಪಕಾರ ಮಾಡಿದರೆನ್ನಬೇಕು. ಅದಕ್ಕೆ ಮುಂಚೆ ಕಾವು ಕಾರುವ ಮೆಟಲ್ ಹಾಲೈಡ್ ದೀಪಗಳನ್ನೋ ಟ್ಯೂಬ್‌ಲೈಟುಗಳ ಸಾಲನ್ನೋ ತೊಟ್ಟಿಯ ಮೇಲೆ ತೂಗಬೇಕಾಗಿತ್ತು.

ಅಡಿಗೆಮನೆಯ ಎಲ್‌ಇಡಿ ಬಲ್ಬನ್ನೇ ಏಕೆ ಹಾಕಬಾರದೆಂದು ಕೇಳಬಹುದು. ಅದರ ಒಳಗಿರುವುದೂ ನೀಲಿ ಎಲ್‌ಇಡಿಯೇ. ಆದರೆ ಮೇಲಿನ ಹಳದಿ ಲೇಪವು ಆ ನೀಲಿಯ ಬಹುಭಾಗವನ್ನು ನಮ್ಮ ಕಣ್ಣಿಗೆ ಹಿತವಾಗುವಂತೆ ಮಾರ್ಪಡಿಸಿಬಿಡುತ್ತದೆ. ಪೆಟ್ಟಿಗೆಯ ಮೇಲೆ ಬರೆದಿರುವ ‘ಲ್ಯುಮೆನ್’ ಮನುಷ್ಯನ ಕಣ್ಣಿನ ಅಳತೆ. ‘ವಾಟ್’ ವಿದ್ಯುತ್ತಿನ ಖರ್ಚಿನ ಲೆಕ್ಕ. ಹವಳಕ್ಕೆ ಬೇಕಾದ ಅಳತೆಯನ್ನು ಹವ್ಯಾಸಿಗಳು ‘ಪಾರ್’ ಎಂದು ಕರೆಯುತ್ತಾರೆ. ಒಂದು ಚದರ ಮೀಟರಿನ ಮೇಲೆ ಒಂದು ಸೆಕೆಂಡಿನಲ್ಲಿ ಪಾಚಿಗೆ ಉಪಯುಕ್ತವಾದ ಬೆಳಕಿನ ಕಣಗಳು ಎಷ್ಟು ಬೀಳುತ್ತವೆಂಬುದೇ ಈ ಲೆಕ್ಕ.

ಎಂತಹ ಹವಳ, ಎಷ್ಟು ಬೆಳಕು?

ಅಣಬೆಯಾಕಾರದ ಹವಳಗಳಿಗೂ ಗುಂಡಿಗಳಂತೆ ಅರಳುವ ಜೋವಾಂಥಸ್‌ಗಳಿಗೂ ಸುಮಾರು 50ರಿಂದ 150 ಪಾರ್ ಸಾಕು. ಕವಲೊಡೆಯುವ ಕಲ್ಲುಹವಳಗಳಿಗೆ 200ಕ್ಕೂ ಮೇಲ್ಪಟ್ಟು ಬೇಕು. ಬೆಲೆಬಾಳುವ ದೀಪಗಳ ಅಗತ್ಯ ಬೀಳುವುದು ಅವುಗಳಿಗೇ. ಆದರೆ ನಮ್ಮ ದೇಶದಲ್ಲಿ ಕಲ್ಲುಹವಳ, ಕರಿಹವಳ, ಬೆಂಕಿಹವಳ ಹಾಗೂ ಕಡಲ ಬೀಸಣಿಗೆಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಇಂತಹ ಹವಳಗಳಿವೆ. ಅಲ್ಲಿ ನೀರಿಗಿಳಿದು ಅವುಗಳನ್ನು ಕಣ್ತುಂಬ ನೋಡಬಹುದೇ ಹೊರತು ಒಂದು ಚೂರನ್ನೂ ಮುರಿದು ತರುವಂತಿಲ್ಲ. ಅಂಗಡಿಯಲ್ಲಿ ಯಾವ ಹವಳವನ್ನು ಕೊಳ್ಳುವಾಗಲೂ ಅದು ಎಲ್ಲಿಂದ ಬಂದುದೆಂಬುದಕ್ಕೆ ಕಾಗದಪತ್ರವನ್ನು ಕೇಳಿ. ಸಂಶಯವಿದ್ದರೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಹೀಗೆ ಕಾನೂನಿಗೆ ತಲೆಬಾಗಿ ನಡೆಯುವ ಗೃಹಸ್ಥನಿಗೆ ಸಾಧಾರಣ ದೀಪವೇ ಸಾಕಾಗುವುದು ಒಂದು ಅನುಕೂಲವೇ ಸರಿ.

ಕೊಳ್ಳುವಾಗ ನೋಡಬೇಕಾದುವು

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಆಳದ ತೊಟ್ಟಿಗೆ, ಅಂದರೆ ಸುಮಾರು 50 ಲೀಟರ್ ನೀರಿಗೆ, ಹವಳಕ್ಕೆಂದೇ ತಯಾರಾದ 30ರಿಂದ 50 ವಾಟಿನ ಎಲ್‌ಇಡಿ ದೀಪ ಸಾಕು. ನೀಲಿ ಮತ್ತು ಬಿಳಿಯನ್ನು ಪ್ರತ್ಯೇಕವಾಗಿ ಹೆಚ್ಚುಕಡಿಮೆ ಮಾಡಲು ಬರುವಂತಿರಬೇಕು. ಎಷ್ಟು ಎತ್ತರದಿಂದ, ಎಷ್ಟು ಆಳದಲ್ಲಿ, ಎಷ್ಟು ಪಾರ್ ದೊರೆಯುವುದೆಂದು ತಯಾರಕರು ತಿಳಿಸಿರಬೇಕು. ಬೆಳಕು ನಡುವೆ ಮಾತ್ರ ಬಿದ್ದು ಅಂಚುಗಳು ಕತ್ತಲಾಗಿ ಉಳಿಯಬಾರದು. ಅಗ್ಗದ ಕಪ್ಪು ಪೆಟ್ಟಿಗೆಯ ದೀಪಗಳ ಮೇಲೆ 165 ವಾಟ್ ಎಂದು ಬರೆದಿದ್ದರೂ ಅವು ನಿಜವಾಗಿ ಎಳೆಯುವ ವಿದ್ಯುತ್ತು ಅದಕ್ಕಿಂತ ಕಡಿಮೆ. ಆದರೂ ಪುಟ್ಟ ತೊಟ್ಟಿಗೆ ಅವು ಅತಿಯೇ ಆದುದರಿಂದ, ಎತ್ತರದಲ್ಲಿ ತೂಗುಹಾಕಿ ಬೆಳಕನ್ನು ತಗ್ಗಿಸಿ ಬಳಸಬೇಕು.

ಮೊಬೈಲಿನಿಂದ ನಡೆಸುವ ಸೌಕರ್ಯ, ಕೃತಕ ಮಿಂಚು, ಬೆಳದಿಂಗಳು ಇವೆಲ್ಲ ಬಿಟ್ಟರೂ ನಡೆಯುತ್ತದೆ. ಪ್ರತಿದಿನ 8–9 ಗಂಟೆ ದೀಪವನ್ನು ತಾನಾಗಿ ಹೊತ್ತಿಸಿ ಆರಿಸುವ ಸಾದಾ ಟೈಮರ್ ಸಾಕು. ಆದರೆ ಕಾವನ್ನು ಹೊರಹಾಕುವ ಲೋಹದ ಹಿಂಬದಿ, ಉಪ್ಪುಹನಿ ತಾಗದ ಮುಚ್ಚಳ, ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು, ಇವುಗಳಲ್ಲಿ ಉಳಿತಾಯ ಸಲ್ಲದು. ವಿದ್ಯುತ್ ತಂತಿಯನ್ನು ಪ್ಲಗ್ಗಿಗಿಂತ ಕೆಳಗೆ ಬಾಗಿಸಿ ಬಿಟ್ಟರೆ, ಅದರ ಮೇಲಿಂದ ಇಳಿದ ನೀರು ಪ್ಲಗ್ಗನ್ನು ತಲಪದೆ ನೆಲಕ್ಕೆ ತೊಟ್ಟಿಕ್ಕುತ್ತದೆ.

ಖರ್ಚಿನ ಲೆಕ್ಕವನ್ನೂ ನೋಡೋಣ. 40 ವಾಟಿನ ದೀಪವು ದಿನಕ್ಕೆ 9 ಗಂಟೆ ಉರಿದರೆ ತಿಂಗಳಿಗೆ ಸುಮಾರು 11 ಯೂನಿಟ್. ಹಿಂದಿನ 150 ವಾಟಿನ ಮೆಟಲ್ ಹಾಲೈಡಿಗಾದರೆ 40 ಯೂನಿಟ್ಟಿಗೂ ಮೇಲು. ಅಷ್ಟೇ ಅಲ್ಲದೆ ಅದರ ಕಾವಿನಿಂದ ನೀರೂ ಬಿಸಿಯಾಗುತ್ತಿತ್ತು. ನೀರು 25–26 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಹವಳಕ್ಕೆ ಹಿತ.

ಅವಸರ ಬೇಡ

ಹೊಸ ದೀಪವನ್ನು ಮೂರನೆಯ ಒಂದು ಪಾಲಿನಷ್ಟು ಬೆಳಕಿನಿಂದ ಆರಂಭಿಸಿ, ಮೂರು ನಾಲ್ಕು ವಾರಗಳಲ್ಲಿ ಮೆಲ್ಲಮೆಲ್ಲನೆ ಏರಿಸಬೇಕು. ಹವಳವು ಕತ್ತನ್ನು ನೀಳಮಾಡಿ ದೀಪದತ್ತ ಚಾಚಿದರೆ ಬೆಳಕು ಸಾಲದೆಂದೂ, ಮುದುಡಿ ಬಣ್ಣಗೆಟ್ಟರೆ ಬೆಳಕು ಅತಿಯಾಗಿರಬಹುದೆಂದೂ ತಿಳಿಯಬೇಕು. ನೀರಿನ ದೋಷದಿಂದಲೂ ಬಣ್ಣಗೆಡುವುದುಂಟು. ಆದುದರಿಂದ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕೆಲವು ದಿನ ಕಾದು ನೋಡುವುದು ಲೇಸು. ಕೆಲವು ಜೋವಾಂಥಸ್‌ಗಳಲ್ಲಿ ಉಗ್ರವಾದ ವಿಷವಿರುವುದರಿಂದ, ಕೈಗವಸಿಲ್ಲದೆ ಅವುಗಳನ್ನು ಮುಟ್ಟಬಾರದು. ಮಕ್ಕಳಿಗೂ ಈ ಎಚ್ಚರಿಕೆಯನ್ನು ಹೇಳಿಕೊಡಬೇಕು.

ಹಸುವನ್ನು ಕೊಳ್ಳುವ ಮೊದಲು ಹುಲ್ಲಿಗೆ ದಾರಿ ನೋಡಿಕೊಳ್ಳುವುದು ನಮ್ಮ ಹಿರಿಯರ ಪದ್ಧತಿ. ಹವಳವನ್ನು ಮನೆಗೆ ತರುವವರೂ ಮೊದಲು ಅದರ ಅನ್ನವಾದ ಬೆಳಕನ್ನು ಅಣಿಮಾಡಿಕೊಳ್ಳಲಿ.