ನೆತ್ತಿಯ ಮೇಲೆ ಸೂರ್ಯ, ಅಂಗಳದಲ್ಲಿ ಮದುಮಗಳು

ಏಪ್ರಿಲ್ ತಿಂಗಳಲ್ಲಿ ನಮ್ಮ ಜಿಲ್ಲೆಯ ಯಾವ ಮನೆಗೆ ಹೋದರೂ ಚಾವಡಿಯ ಮೇಜಿನ ಮೇಲೆ ನಾಲ್ಕೈದು ಮದುವೆ ಕಾಗದಗಳು ಬಿದ್ದಿರುತ್ತವೆ. ಅವುಗಳಲ್ಲಿ ಒಂದೆರಡರಲ್ಲಾದರೂ 'ಮಧ್ಯಾಹ್ನ ಗಂಟೆ 12.20ರ ಅಭಿಜಿನ್ ಸುಮುಹೂರ್ತದಲ್ಲಿ' ಎಂಬ ಸಾಲು ಇದ್ದೇ ಇರುತ್ತದೆ. ಊಟಕ್ಕೆ ಹೊತ್ತಾಗುತ್ತದೆಂದು ನೆಂಟರು ಗೊಣಗುವುದುಂಟು. ಆದರೆ ಈ ಸಾಲನ್ನು ಓದಿ ನಿಜವಾಗಿ ಚಿಂತೆಗೆ ಬೀಳುವವನು ಇನ್ನೊಬ್ಬನಿದ್ದಾನೆ. ಆತ ಫೋಟೋ ತೆಗೆಯುವವನು.

ಅಭಿಜಿನ್ ಎಂದರೇನು? ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಹದಿನೈದು ಸಮಪಾಲು ಮಾಡಿದರೆ ಎಂಟನೆಯ ಪಾಲಿಗೆ ಅಭಿಜಿತ್ ಮುಹೂರ್ತವೆಂದು ಹೆಸರು. ಬಳಕೆಯ ಮಾತಿನಲ್ಲಿ ಅದು ಅಭಿಜಿನ್. ಹದಿನೈದರಲ್ಲಿ ಎಂಟನೆಯದು ನಟ್ಟನಡುವಿನದು. ಅಂದರೆ ಸೂರ್ಯ ಅತ್ಯಂತ ಎತ್ತರದಲ್ಲಿರುವ ಗಳಿಗೆ ಅದರ ಮಧ್ಯದಲ್ಲೇ ಬರುತ್ತದೆ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಬಂಟ್ವಾಳ, ಮೂಡುಬಿದಿರೆಗಳಿರುವುದು 75 ಡಿಗ್ರಿಯ ಆಸುಪಾಸಿನಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಏಳೂವರೆ ಡಿಗ್ರಿಗೆ ಅರ್ಧ ಗಂಟೆ ವ್ಯತ್ಯಾಸ. ಹೀಗಾಗಿ ಏಪ್ರಿಲ್ ಕೊನೆಯಲ್ಲಿ ನಮ್ಮ ಕಡೆ ನಿಜವಾದ ನಡುಹಗಲು ಹನ್ನೆರಡೂವರೆಯ ಹೊತ್ತಿಗೆ. ಹಳೆಯ ಜೋಯಿಸರ ಲೆಕ್ಕವೂ ಖಗೋಳಶಾಸ್ತ್ರದ ಲೆಕ್ಕವೂ ಇಲ್ಲಿ ಸರಿಯಾಗಿ ಕೂಡಿಬರುತ್ತವೆ. ಕೂಡಿಬರದೇ ಇರುವುದು ಕ್ಯಾಮೆರಾದ ಲೆಕ್ಕ ಮಾತ್ರ.

ಇನ್ನೂ ಒಂದು ವಿಷಯವಿದೆ. ನಾವಿರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿ. ವರ್ಷಕ್ಕೆ ಎರಡು ಬಾರಿ, ಏಪ್ರಿಲ್ 24-25ರಂದು ಮತ್ತು ಆಗಸ್ಟ್ 18ರ ಸುಮಾರಿಗೆ, ಸೂರ್ಯ ನಮ್ಮ ನೆತ್ತಿಯ ಮೇಲೆ ನೇರವಾಗಿ ಹಾದುಹೋಗುತ್ತಾನೆ. ಅಂದು ನೆಟ್ಟಗೆ ನಿಲ್ಲಿಸಿದ ಕಂಬಕ್ಕೆ ಕ್ಷಣಕಾಲ ನೆರಳೇ ಇರುವುದಿಲ್ಲ. ಇದನ್ನೇ 'ಶೂನ್ಯ ನೆರಳಿನ ದಿನ' ಎನ್ನುವುದು. (ಆಗಸ್ಟ್ 19 ವಿಶ್ವ ಛಾಯಾಗ್ರಹಣ ದಿನ ಎಂಬುದು ಸ್ವಾರಸ್ಯದ ಕಾಕತಾಳೀಯ.) ಆಗಸ್ಟಿನ ದಿನವನ್ನು ಮಳೆಯ ಮೋಡ ಮುಚ್ಚಿಬಿಡುವುದೇ ಹೆಚ್ಚು. ಏಪ್ರಿಲಿನ ದಿನಕ್ಕೆ ಮಾತ್ರ ಮದುವೆಯ ಕಾಲ ಬಿರುಸಾಗಿರುತ್ತದೆ. ಧಾರೆ ಮುಗಿದು, ಹಿರಿಯರ ಕಾಲಿಗೆರಗಿ, 'ಹೊರಗೆ ಎರಡು ಫೋಟೋ ತೆಗೆದು ಬಿಡುವ' ಎಂದು ಮದುಮಕ್ಕಳನ್ನು ಕರೆತರುವಾಗ ಗಂಟೆ ಒಂದು. ವರ್ಷದಲ್ಲೇ ಅತಿ ಕೆಟ್ಟ ಬೆಳಕು ಅದು.

ಕೆಟ್ಟದು ಹೇಗೆ ಎಂದು ತಿಳಿಯಬೇಕಾದರೆ ಬೆಳ್ತಂಗಡಿ ತಾಲೂಕಿನ ವೇಣೂರಿಗೆ ಹೋಗಿ ಬನ್ನಿ. 1604ರಲ್ಲಿ ಪ್ರತಿಷ್ಠಾಪನೆಯಾದ 35 ಅಡಿಯ ಬಾಹುಬಲಿ ಅಲ್ಲಿ ಬಯಲಿನಲ್ಲಿ ನಿಂತಿದ್ದಾನೆ. ಬಿಸಿಲು ಓರೆಯಾಗಿ ಬಿದ್ದಾಗ ಕೆನ್ನೆಯ ಉಬ್ಬು, ತುಟಿಯ ತಿರುವು ಎಲ್ಲವೂ ಕಾಣುತ್ತವೆ. ನಡುಹಗಲಲ್ಲಿ ನೋಡಿ, ಹಣೆ ಮತ್ತು ಮೂಗಿನ ತುದಿ ಹೊಳೆಯುತ್ತವೆ, ಕಣ್ಣಿದ್ದಲ್ಲಿ ನೆರಳಿನ ಗುಳಿ, ತುಟಿಯ ಮೇಲೆ ಮೂಗಿನ ನೆರಳು. ಕಲ್ಲಿನ ಬಾಹುಬಲಿಗೇ ಹೀಗಾದರೆ ಬೈತಲೆಬೊಟ್ಟು, ತಲೆತುಂಬ ಮಲ್ಲಿಗೆ, ಜರತಾರಿ ಸೀರೆ ಹೊತ್ತು, ಬೆವರುತ್ತ, ಕಣ್ಣು ಕಿರಿದು ಮಾಡಿ ನಿಂತ ಇಪ್ಪತ್ತೈದರ ಹುಡುಗಿಯ ಪಾಡೇನು?

ನಮ್ಮ ಕಣ್ಣಿಗೆ ಇದು ಅಷ್ಟಾಗಿ ತೋರದು. ಬಿಸಿಲಿನಿಂದ ನೆರಳಿಗೆ ದೃಷ್ಟಿ ಹಾಯಿಸಿದ ಕೂಡಲೇ ಕಣ್ಣು ಹೊಂದಿಕೊಳ್ಳುತ್ತದೆ, ಮಿದುಳು ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಆ ಸೌಲಭ್ಯವಿಲ್ಲ. ನಡುಹಗಲ ಬಿಸಿಲಿನ ಪ್ರಖರತೆ ಸುಮಾರು ಒಂದು ಲಕ್ಷ ಲಕ್ಸ್. ಪಕ್ಕದ ಮರದ ನೆರಳಿನಲ್ಲಿ ಅದರ ಹತ್ತರಲ್ಲೊಂದು ಪಾಲು. ಮನೆಯ ಜಗಲಿಯೊಳಗೆ ನೂರರಲ್ಲೊಂದು ಪಾಲು ಇದ್ದರೆ ಹೆಚ್ಚು. ಇಷ್ಟನ್ನೂ ಒಂದೇ ಚಿತ್ರದಲ್ಲಿ ಹಿಡಿಯಹೊರಟರೆ ಯಾವುದಾದರೊಂದು ಕೈತಪ್ಪುತ್ತದೆ. ಮಲ್ಲಿಗೆಯ ಎಸಳು ಬೇಕೆಂದರೆ ಮುಖ ಕಪ್ಪು. ಮುಖ ಬೇಕೆಂದರೆ ಮಲ್ಲಿಗೆ ಒಂದು ಬಿಳಿ ಮುದ್ದೆ.

ನನ್ನ ಅಕ್ಕನ ಮದುವೆಯ ಆಲ್ಬಮ್ ನಮ್ಮ ಮನೆಯ ಕಪಾಟಿನಲ್ಲಿದೆ. ಯಾರಾದರೂ ಕೇಳಿದರೆ ಆಕೆ ಅದನ್ನು ತೆಗೆದುಕೊಡುವುದಿಲ್ಲ. ಅಕ್ಕ ಎಣ್ಣೆಗೆಂಪು ಬಣ್ಣದವಳು. ಅಡಿಕೆ ತೋಟದಲ್ಲಿ ತೆಗೆದ ಚಿತ್ರಗಳಲ್ಲಿ ಆಕೆಯ ಮುಖ ಗೋಡೆಗೆ ಬಳಿದ ಸುಣ್ಣದಂತಿದೆ. 'ಇದು ನಾನಲ್ಲ, ಯಾರೋ' ಎನ್ನುತ್ತಾಳೆ. ಮೊದಲು ನಾನು ಇದು ಸ್ಟುಡಿಯೋದವರು ಬೇಕೆಂದೇ 'ಬೆಳ್ಳಗೆ' ಮಾಡಿದ್ದೆಂದು ಭಾವಿಸಿದ್ದೆ. ಹಾಗೆ ಮಾಡುವವರೂ ಇದ್ದಾರೆ, ಮಾಡಿಸಿಕೊಳ್ಳುವವರೂ ಇದ್ದಾರೆ. ಆದರೆ ಹಲವು ಸಲ ತಪ್ಪು ಅದಕ್ಕೂ ಮೊದಲೇ, ಕ್ಯಾಮೆರಾದೊಳಗೇ ಆಗಿರುತ್ತದೆ ಎಂದು ತಿಳಿದದ್ದು ಇತ್ತೀಚೆಗೆ.

ಸಂಗತಿ ಇಷ್ಟೆ. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಯಂತ್ರಕ್ಕೆ ಎದುರಿಗಿರುವುದು ಮದುಮಗಳೋ ಮಾವಿನಮರವೋ ತಿಳಿಯದು. ಜಗತ್ತೆಲ್ಲ ಸರಾಸರಿಯಲ್ಲಿ ಒಂದು ನಡುಬೂದು ಬಣ್ಣ, ಬಿದ್ದ ಬೆಳಕಿನ ಶೇಕಡಾ 18ರಷ್ಟನ್ನು ಮರಳಿಸುವಂಥದ್ದು ಎಂಬ ನಂಬಿಕೆಯ ಮೇಲೆ ಅದು ಕೆಲಸ ಮಾಡುತ್ತದೆ. ಮದುಮಗಳ ಹಿಂದೆ ಕಪ್ಪುಗಟ್ಟಿದ ಅಡಿಕೆ ತೋಟವಿದ್ದರೆ 'ಬೆಳಕು ಸಾಲದು' ಎಂದುಕೊಂಡು ಹೆಚ್ಚು ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ತೋಟವೇನೋ ಬೂದುಬಣ್ಣಕ್ಕೆ ಬರುತ್ತದೆ, ಆದರೆ ಮುಖ ಸುಟ್ಟುಹೋಗುತ್ತದೆ. ಅದೇ ಹುಡುಗಿಯನ್ನು ನೇತ್ರಾವತಿಯ ದಂಡೆಯಲ್ಲಿ ಆಕಾಶವನ್ನು ಹಿಂದಿಟ್ಟು ನಿಲ್ಲಿಸಿದರೆ ತದ್ವಿರುದ್ಧ. ಬೆಳಕು ವಿಪರೀತವಾಯಿತೆಂದು ಯಂತ್ರ ಬಾಗಿಲು ಮುಚ್ಚಿಕೊಳ್ಳುತ್ತದೆ, ಮುಖ ಕಾಡಿಗೆಯಾಗುತ್ತದೆ. ಒಬ್ಬಳೇ ಹುಡುಗಿ, ಒಂದೇ ದಿನ, ಎರಡು ಬಣ್ಣ!

ಅನುಭವಸ್ಥರು ಇದಕ್ಕೆ ಕಂಡುಕೊಂಡ ಉಪಾಯ ಬಲು ಸರಳ. ಮದುಮಗಳು ನಿಂತ ಜಾಗದ ಬೆಳಕಿನಲ್ಲೇ ತಮ್ಮ ಅಂಗೈಯನ್ನು ಒಡ್ಡಿ ಅದನ್ನು ಅಳೆಯುತ್ತಾರೆ. ಮನುಷ್ಯರ ಮೈಬಣ್ಣ ಎಷ್ಟೇ ಬೇರೆಯಿದ್ದರೂ ಅಂಗೈಯ ಬಣ್ಣದಲ್ಲಿ ಅಷ್ಟು ಅಂತರವಿಲ್ಲ. ನಡುಬೂದಿಗಿಂತ ಅದು ಸುಮಾರು ಒಂದು 'ಸ್ಟಾಪ್' ಬೆಳ್ಳಗೆ. ಆ ಒಂದು ಸ್ಟಾಪನ್ನು ಕೂಡಿಸಿಕೊಂಡು ಕ್ಯಾಮೆರಾವನ್ನು ಅಲ್ಲಿಗೇ ಕಟ್ಟಿಹಾಕಿದರೆ ಹಿನ್ನೆಲೆಯಲ್ಲಿ ತೋಟವಿರಲಿ ಆಕಾಶವಿರಲಿ, ಮುಖ ಅದರದೇ ಬಣ್ಣದಲ್ಲಿ ಉಳಿಯುತ್ತದೆ.

ಮೈಬಣ್ಣದ ಈ ತೊಡಕು ನಮ್ಮೊಬ್ಬರದೇ ಅಲ್ಲ. ಅಮೆರಿಕದ ಕೊಡಕ್ ಕಂಪೆನಿ ಬಣ್ಣದ ಚಿತ್ರ ಮುದ್ರಿಸುವ ಲ್ಯಾಬುಗಳಿಗೆ ಹಿಂದೆ ಒಂದು ಮಾದರಿ ಕಾರ್ಡನ್ನು ಕಳುಹಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿಯ ಹೆಂಗಸಿನ ಚಿತ್ರ. ಮೊದಲು ಮಾದರಿಯಾದ ಕಂಪೆನಿಯ ನೌಕರಳ ಹೆಸರಿನಿಂದ ಅದು 'ಶರ್ಲಿ ಕಾರ್ಡ್' ಎನಿಸಿತು. ಆ ಮುಖ ಸರಿಯಾಗಿ ಮೂಡಿದರೆ ಯಂತ್ರ ಸರಿಯಿದೆ ಎಂದರ್ಥ. ಕಂದು, ಕಪ್ಪು ಮುಖಗಳ ವಿವರ ಹಿಡಿಯಲು ಫಿಲ್ಮನ್ನು ಉತ್ತಮಪಡಿಸುವುದಕ್ಕೆ ಒತ್ತಡ ಬಂದದ್ದು ಚಾಕಲೇಟ್ ತಯಾರಕರು ಮತ್ತು ಮರದ ಪೀಠೋಪಕರಣದವರು ತಮ್ಮ ಮಾಲಿನ ಬಣ್ಣ ಚಿತ್ರದಲ್ಲಿ ಸರಿಯಾಗಿ ಬರುತ್ತಿಲ್ಲವೆಂದು ದೂರಿದ ಮೇಲೆ ಎಂದು ಆ ಕಂಪೆನಿಯಲ್ಲಿದ್ದವರೇ ಹೇಳಿದ್ದಾರೆ. ಬೇರೆ ಬೇರೆ ಮೈಬಣ್ಣದ ಹೆಂಗಸರು ಆ ಕಾರ್ಡಿನಲ್ಲಿ ಒಟ್ಟಿಗೆ ಕಾಣಿಸಿಕೊಂಡದ್ದು 1990ರ ದಶಕದಲ್ಲಿ. ನಮ್ಮ ಅಮ್ಮಂದಿರ ಕಾಲದ ಎಷ್ಟೋ ಬಣ್ಣದ ಚಿತ್ರಗಳು ಯಾಕೆ ಹಾಗಿವೆ ಎಂಬುದಕ್ಕೆ ಇದೂ ಒಂದು ಉತ್ತರವಿರಬಹುದು.

ಮತ್ತೆ ತೋಟಕ್ಕೆ ಬರೋಣ. ಅಡಿಕೆ ತೋಟದ ನೆರಳು ದೂರದಿಂದ ತಂಪಾಗಿ, ಚಿತ್ರಕ್ಕೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಒಳಗೆ ಹೋದರೆ ಎರಡು ತಾಪತ್ರಯ. ಮೊದಲನೆಯದು ಬಿಸಿಲಿನ ಚುಕ್ಕೆಗಳು. ಸೋಗೆಗಳ ಸಂದಿಯಿಂದ ಇಳಿಯುವ ಈ ದುಂಡು ಚುಕ್ಕೆಗಳು ಬರಿಯ ಚುಕ್ಕೆಗಳಲ್ಲ, ಒಂದೊಂದೂ ಸೂರ್ಯನ ಬಿಂಬ. ಸಣ್ಣ ರಂಧ್ರ ಮಸೂರದಂತೆ ಕೆಲಸ ಮಾಡುವುದರ ಫಲ ಇದು. 2019ರ ಡಿಸೆಂಬರ್ 26ರ ಗ್ರಹಣದ ಬೆಳಿಗ್ಗೆ ಮರದಡಿಯಲ್ಲಿ ನೆಲ ನೋಡಿದವರಿಗೆ ಆ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿದ್ದು ನೆನಪಿರಬಹುದು. ನೋಡಲು ಸೊಗಸು, ಆದರೆ ಅವೇ ಮದುಮಗಳ ಮುಖದ ಮೇಲೆ ಬಿದ್ದರೆ ಚಿರತೆಯ ಮೈಯಾಗುತ್ತದೆ. ಎರಡನೆಯದು ಹಸಿರು. ಎಲೆ ಬಿಳಿ ಬೆಳಕಿನ ಕೆಂಪು, ನೀಲಿಗಳನ್ನು ಹೀರಿಕೊಂಡು ಹಸಿರನ್ನಷ್ಟೇ ಕೆಳಗೆ ದಾಟಿಸುವುದರಿಂದ ತೋಟದ ಒಳಗಿನ ನೆರಳು ಹಸಿರು ಬಣ್ಣದ್ದು. ಹತ್ತು ದಿನ ಜ್ವರ ಬಂದು ಎದ್ದವರಂತೆ ಮುಖ ಕಾಣುವುದು ಅದರಿಂದ. ಅಂಗಳದಲ್ಲಿ ಮದುವೆಯ ಚಪ್ಪರಕ್ಕೆ ನೀಲಿ ಟಾರ್ಪಾಲು ಹೊದೆಸಿದರೂ ಇದೇ ಕತೆ. ಅಲ್ಲಿ ಕುಳಿತವರೆಲ್ಲ ನೀಲಿ.

ಹಾಗಾದರೆ ಎಲ್ಲಿ ನಿಲ್ಲಿಸಬೇಕು? ತೋಟದ ಒಳಗಲ್ಲ, ಅಂಚಿನಲ್ಲಿ. ನೆರಳಿನ ಗೆರೆಯಿಂದ ಎರಡು ಹೆಜ್ಜೆ ಒಳಗೆ, ಮುಖ ಹೊರಗಿನ ಬಯಲಿಗೆ. ನೆತ್ತಿಯ ಬಿಸಿಲನ್ನು ಸೋಗೆ ತಡೆಯುತ್ತದೆ. ಎದುರಿನ ತೆರೆದ ಆಕಾಶದ ಬೆಳಕು ಅಡ್ಡಲಾಗಿ ಬಂದು ಕಣ್ಣೊಳಗೆ ಇಳಿಯುತ್ತದೆ. ಎದುರಿಗೆ ಗಾರೆ ಮಾಡದ ಮುರಕಲ್ಲಿನ ಗೋಡೆ ಇದ್ದರಂತೂ ಭಾಗ್ಯ. ಬಿಸಿಲು ಬಿದ್ದ ಕೆಂಪುಕಲ್ಲು ತನ್ನ ಬಿಸುಪು ಬಣ್ಣವನ್ನು ಮುಖಕ್ಕೆ ಮರಳಿಸಿ ಎಲೆಯ ಹಸಿರನ್ನು ಎಷ್ಟೋ ಕಳೆಯುತ್ತದೆ. ಗೋಡೆಯಿಲ್ಲದಿದ್ದರೆ ಭಾವನ ಬಿಳಿ ಪಂಚೆಯನ್ನೋ ಥರ್ಮೊಕೋಲ್ ಹಲಗೆಯನ್ನೋ ಯಾರಾದರೂ ಹಿಡಿಯಬೇಕು. ಹಣೆಯ ಬೆವರನ್ನು ಬೈರಾಸಿನಿಂದ ಒರೆಸದೆ ಒತ್ತಿ ತೆಗೆಯಬೇಕು. ಒರೆಸಿದರೆ ಬಣ್ಣವೂ ಹೋಗುತ್ತದೆ. (ಸಭಾಂಗಣದ ದೀಪಕ್ಕೆಂದು ಬಳಿದ ಬಣ್ಣ ಬಿಸಿಲಿನಲ್ಲಿ ಯಕ್ಷಗಾನದ ವೇಷವನ್ನು ಹಗಲಿನಲ್ಲಿ ಕಂಡಂತಿರುತ್ತದೆ ಎಂಬುದು ಬೇರೆ ಮಾತು.)

ಈ ತತ್ತ್ವವನ್ನು ನಮ್ಮ ಹಿರಿಯರು ಫೋಟೋಕ್ಕಾಗಿ ಅಲ್ಲದಿದ್ದರೂ ಕಟ್ಟಡದಲ್ಲಿ ಅಳವಡಿಸಿದ್ದರು. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನೇ ನೋಡಿ. ಮಳೆಗೆಂದು ಇಳಿಬಿಟ್ಟ ಮಾಡು ಮೇಲಿನ ಬೆಳಕನ್ನು ಪೂರ್ತಿ ತಡೆಯುತ್ತದೆ. ಬೆಳಕು ಬರುವುದು ಪಕ್ಕದಿಂದ, ಅಂಗಳದ ಕಲ್ಲಿಗೆ ತಗುಲಿ ಮೆತ್ತಗಾಗಿ. ಹೊರಗೆ ಕಣ್ಣು ಕುಕ್ಕುವ ಒಂದು ಗಂಟೆಯ ಬಿಸಿಲಿದ್ದರೂ ಕಂಬದ ಪಕ್ಕ ನಿಂತವರ ಮುಖದ ಒಂದು ಕೆನ್ನೆ ಬೆಳಗಿ, ಇನ್ನೊಂದು ನಿಧಾನವಾಗಿ ನೆರಳಿಗೆ ಜಾರುತ್ತದೆ. ಬಸದಿ ಪೂಜಾಸ್ಥಳ, ಅನುಮತಿ ಕೇಳದೆ ಕ್ಯಾಮೆರಾ ಎತ್ತುವ ಜಾಗವಲ್ಲ. ಆದರೆ ಅದೇ ಬೆಳಕು ಗುತ್ತಿನ ಮನೆಯ ಚಾವಡಿಯಲ್ಲಿದೆ, ಸಾಧಾರಣ ಹಂಚಿನ ಮನೆಯ ಜಗಲಿಯಲ್ಲೂ ಇದೆ. ಜಗಲಿಯ ಕಂಬಕ್ಕೊರಗಿಸಿ ತೆಗೆದ ಅಜ್ಜಿಯ ಕಪ್ಪು ಬಿಳುಪು ಚಿತ್ರ ಎಷ್ಟೋ ಮನೆಗಳಲ್ಲಿ ಇಂದಿಗೂ ಚೆನ್ನಾಗಿ ಕಾಣುವುದು ಸುಮ್ಮನೆ ಅಲ್ಲ.

ಆ ಕಾಲದವರ ಕೈಯಲ್ಲಿದ್ದುದು ಯಾಷಿಕಾದಂಥ ಎರಡು ಕಣ್ಣಿನ ಕ್ಯಾಮೆರಾ. ಒಂದು ರೋಲಿಗೆ ಹನ್ನೆರಡೇ ಚಿತ್ರ. ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮ್ ಬಳಸಿದವರೂ ಬೇಕಷ್ಟು. ಮೀಟರ್ ಇಲ್ಲದವರು 'ಬಿಸಿಲಿಗೆ ಹದಿನಾರು' ಸೂತ್ರವನ್ನು ಬಾಯಿಪಾಠ ಮಾಡಿದ್ದರು. ನೂರರ ಫಿಲ್ಮಾದರೆ ಪೂರ್ಣ ಬಿಸಿಲಿಗೆ ಎಫ್/16, ಸೆಕೆಂಡಿನ 125ನೇ ಒಂದಂಶ. ತೆರೆದ ನೆರಳಿಗೆ ಎಫ್/5.6. ಆ ಕ್ಯಾಮೆರಾಗಳಿಗೆ ಶಟರ್ ಮಸೂರದಲ್ಲೇ ಇದ್ದುದರಿಂದ ಯಾವ ವೇಗದಲ್ಲೂ ಫ್ಲಾಶ್ ಕೂಡಿಬರುತ್ತಿತ್ತು. ಬಿಸಿಲಿನಲ್ಲೂ ಸ್ವಲ್ಪ ಫ್ಲಾಶ್ ಹೊಡೆದು ಕಣ್ಣಿನ ಗುಳಿ ತುಂಬಲು ಇದು ಅನುಕೂಲ. ಇಂದಿನ ಹೆಚ್ಚಿನ ಕ್ಯಾಮೆರಾಗಳಲ್ಲಿ ಇನ್ನೂರು, ಇನ್ನೂರೈವತ್ತರ ವೇಗ ದಾಟಿದರೆ ಫ್ಲಾಶಿಗೆ ಬೇರೆ ಏರ್ಪಾಡು ಬೇಕು.

ಮದುವೆ ಫೋಟೋಗ್ರಫಿಯ ಪಾಶ್ಚಾತ್ಯ ಪುಸ್ತಕಗಳು ಕೊಡುವ ಸಲಹೆ ಒಂದೇ, ಸಂಜೆಯ 'ಹೊನ್ನಿನ ಗಂಟೆ'ಯವರೆಗೆ ಕಾಯಿರಿ. ಲಂಡನ್ನಿನ ಜೂನ್ ಸಂಜೆಯಲ್ಲಿ ದಿಗಂತದಿಂದ ಆರು ಡಿಗ್ರಿ ಮೇಲಿರುವ ಸೂರ್ಯ ಮುಳುಗಲು ಸುಮಾರು 50 ನಿಮಿಷ ಬೇಕು, ಓರೆಯಾಗಿ ಜಾರುತ್ತಾನೆ. ನಮ್ಮಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ, 25 ನಿಮಿಷದಲ್ಲಿ ಮುಗಿಯಿತು. ಅದರಲ್ಲೂ ಬಂಟ್ವಾಳ, ಬೆಳ್ತಂಗಡಿಯ ತಗ್ಗಿನ ಮನೆಗಳಿಗೆ ಪಡುವಣದ ಗುಡ್ಡ, ತೆಂಗು, ಅಡಿಕೆ ಅಡ್ಡ. ಗಡಾಯಿಕಲ್ಲಿನ ನೆತ್ತಿ ಹೊಂಬಣ್ಣಕ್ಕೆ ತಿರುಗಿದಾಗ ಕೆಳಗಿನ ಅಂಗಳ ಆಗಲೇ ಮಬ್ಬು. ಸಾಲದ್ದಕ್ಕೆ, ದಿಬ್ಬಣ ಅಷ್ಟು ಹೊತ್ತು ಕಾಯುತ್ತದೆಯೇ? ಬಸ್ಸಿನವನು ಹಾರ್ನ್ ಹೊಡೆಯಲು ಶುರುಮಾಡಿ ಅರ್ಧ ಗಂಟೆಯಾಗಿರುತ್ತದೆ.

ಈ ಮೂರೂ ಊರುಗಳಲ್ಲಿ ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಶನ್ನಿನ ವಲಯಗಳಿವೆ. ಅಂದರೆ ವೃತ್ತಿ ಬಲ್ಲವರಿಗೆ ಕೊರತೆಯಿಲ್ಲ. ಕೊರತೆಯಿರುವುದು ಸಮಯಕ್ಕೆ. ಸೀರೆಗೆ, ಬಂಗಾರಕ್ಕೆ, ಊಟದ ಮೆನುವಿಗೆ ವಾರಗಟ್ಟಲೆ ಚರ್ಚಿಸುವ ಮನೆಯವರು ಮದುಮಗಳ ಚಿತ್ರಕ್ಕೆ ಹತ್ತು ನಿಮಿಷವನ್ನೂ ಪಟ್ಟಿಯಲ್ಲಿ ಬರೆದಿರುವುದಿಲ್ಲ. ಆ ಹತ್ತು ನಿಮಿಷ ಸಿಗುವ ಜಾಗ ಒಂದಿದೆ. ಬೆಳಿಗ್ಗೆ ಎಂಟರ ಹೊತ್ತಿಗೆ, ಸಭಾಂಗಣಕ್ಕೆ ಹೊರಡುವ ಮೊದಲು, ಮದುಮಗಳ ಸ್ವಂತ ಮನೆಯ ಜಗಲಿಯಲ್ಲಿ. ಮುಡಿದ ಮಲ್ಲಿಗೆ ಇನ್ನೂ ಬಾಡಿರುವುದಿಲ್ಲ. ಸೂರ್ಯ ತೆಂಗಿನ ಮರದ ಎತ್ತರಕ್ಕಷ್ಟೇ ಬಂದಿರುತ್ತಾನೆ.

ಮೊನ್ನೆ ಬಂಟ್ವಾಳದ ಕಡೆ ಒಂದು ಮನೆಯಲ್ಲಿ ಹೀಗೇ ಆಯಿತು. ಕಾರು ಸಿದ್ಧವಿತ್ತು, ಮಾವ ಗಡಿಯಾರ ನೋಡುತ್ತಿದ್ದರು. ಫೋಟೋದವರು ಹುಡುಗಿಯನ್ನು ಜಗಲಿಯ ಅಂಚಿಗೆ ಕರೆದು, ತಮ್ಮ ಅಂಗೈಯನ್ನು ಆಕೆಯ ಮುಖದ ಪಕ್ಕ ಹಿಡಿದು, ಕ್ಯಾಮೆರಾದ ಗುಂಡಿ ತಿರುಗಿಸಿದರು. 'ಅಂಗಳ ನೋಡಿ ತಂಗೀ' ಎಂದರು. ಆಕೆ ನೋಡಿದಳು. ಮೂರು ಸಲ ಕ್ಲಿಕ್ ಎಂದಿತು. ನಾಲ್ಕನೆಯದಕ್ಕೆ ಮುಂಚೆ ಅಜ್ಜಿ ಬಂದು 'ಸೂರ್ಯ ಮೇಲೆ ಬರ್ತಾನೆ, ಹೊರಡಿ ಹೊರಡಿ' ಎಂದರು.