ಹಾದುಹೋಗಲೆಂದೇ ಒಂದು ಗ್ರಹ

ಆ ಗ್ರಹಕ್ಕೆ ನಾನು ಕೊಟ್ಟ ಮೊದಲ ರೂಪ ತಪ್ಪಾಗಿತ್ತು. 800 ಕಿಲೋಮೀಟರ್ ತ್ರಿಜ್ಯ, ಸುತ್ತ ನೂರು ಕಿಲೋಮೀಟರ್ ಎತ್ತರದವರೆಗೂ ತಿಳಿನೀಲಿ ವಾತಾವರಣ, ನೋಡುತ್ತಲೇ ಕೂರಬೇಕು ಅನ್ನಿಸುವ ಮೋಡಗಳು. ನೌಕೆ ಅದರ ಪಕ್ಕದಲ್ಲಿ ಹಾದುಹೋಯಿತು, ದಾರಿ ಕೊಂಚ ಬಾಗಿತು, ಅಷ್ಟೆ. ಇನ್ನಷ್ಟು ಹತ್ತಿರ ಹೋಗೋಣವೆಂದು ಎರಡನೇ ಸಲ ತಗ್ಗಿಸಿದಾಗ ಗಾಳಿಗೆ ತಗುಲಿ ಸುಟ್ಟುಹೋಯಿತು. ಗ್ರಹ ದೊಡ್ಡದಾದಷ್ಟೂ ಅದು ಕೊಡುವ ನೂಕು ದೊಡ್ಡದು ಅಂದುಕೊಂಡಿದ್ದೆ. ಹಾಗಲ್ಲ ಎಂದು ಗೊತ್ತಾಗಲು ಹಲವು ರಾತ್ರಿಗಳು ಬೇಕಾದವು.

ಇದೆಲ್ಲ ನಡೆದದ್ದು ಒಂದು ಕಂಪ್ಯೂಟರ್ ಆಟದಲ್ಲಿ. ಆಟದ ಹೆಸರು ಕೆರ್ಬಲ್ ಸ್ಪೇಸ್ ಪ್ರೋಗ್ರಾಂ. ಮೆಕ್ಸಿಕೋ ನಗರದ ಸ್ಕ್ವಾಡ್ ಕಂಪನಿಯಲ್ಲಿದ್ದ ಫೆಲಿಪೆ ಫಲಾಂಗೆ ಎಂಬಾತ ಶುರುಮಾಡಿದ್ದು. 2011ರಲ್ಲಿ ಮೊದಲ ಬಾರಿ ಹೊರಬಂತು, 2015ರಲ್ಲಿ ಪೂರ್ಣ ರೂಪ ಪಡೆಯಿತು. ರಾಕೆಟ್ ಕಟ್ಟುವುದು, ಹಾರಿಸುವುದು, ಕಕ್ಷೆ ಸೇರಿಸುವುದು ಎಲ್ಲವೂ ಆಡುವವರ ಕೆಲಸ. ಹಸಿರು ಮೈಯ ಕೆರ್ಬಲ್‌ಗಳ ತಾಯಿಗ್ರಹ ಕೆರ್ಬಿನ್‌ನ ತ್ರಿಜ್ಯ 600 ಕಿಲೋಮೀಟರ್ ಮಾತ್ರ, ಆದರೆ ಅದರ ನೆಲದ ಮೇಲಿನ ಗುರುತ್ವ ನಮ್ಮ ಭೂಮಿಯಷ್ಟೇ. ಕೋಪರ್ನಿಕಸ್ ಎಂಬ ಮಾಡ್, ಅಂದರೆ ಆಟವನ್ನು ಬದಲಿಸುವ ಸೇರ್ಪಡೆ, ಹಾಕಿಕೊಂಡರೆ ಆ ಸೌರಮಂಡಲಕ್ಕೆ ನಮ್ಮದೇ ಗ್ರಹ ಸೇರಿಸಬಹುದು. ತ್ರಿಜ್ಯಕ್ಕೊಂದು ಸಾಲು, ಗುರುತ್ವಕ್ಕೊಂದು ಸಾಲು, ಕಕ್ಷೆಗೆ ನಾಲ್ಕಾರು ಸಾಲು ಬರೆದಿಟ್ಟರೆ ಆಕಾಶದಲ್ಲಿ ಹೊಸದೊಂದು ಚುಕ್ಕಿ ಮೂಡುತ್ತದೆ. ಆ ಸಾಲುಗಳಲ್ಲಿ ಯಾವ ಅಂಕಿ ಬರೆಯಬೇಕು ಎಂಬುದೇ ಪ್ರಶ್ನೆ.

ಗ್ರಹವೊಂದು ನೌಕೆಗೆ ವೇಗ ಕೊಡುವುದು ಹೇಗೆ? ಕ್ರಿಕೆಟ್ ಆಡಿದವರಿಗೆ ಇದು ಹೊಸದಲ್ಲ. ಬ್ಯಾಟನ್ನು ಅಲ್ಲಾಡಿಸದೆ ಹಿಡಿದರೆ ಚೆಂಡು ಬಂದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಮರಳುವುದಿಲ್ಲ. ಬ್ಯಾಟ್ ಮುನ್ನುಗ್ಗಿ ಬಂದರೆ ಅದರ ಓಟವೂ ಚೆಂಡಿಗೆ ಸೇರಿಕೊಳ್ಳುತ್ತದೆ. ಗ್ರಹದ ಮೇಲೆ ನಿಂತು ನೋಡುವವರಿಗೆ ನೌಕೆ ಎಷ್ಟು ವೇಗದಲ್ಲಿ ಬಂತೋ ಅಷ್ಟೇ ವೇಗದಲ್ಲಿ ಹೊರಟುಹೋಗುತ್ತದೆ, ದಿಕ್ಕು ಮಾತ್ರ ತಿರುಗಿರುತ್ತದೆ. ಸೂರ್ಯನ ಕಡೆಯಿಂದ ನೋಡಿದರೆ ಆ ತಿರುವಿನಲ್ಲಿ ಗ್ರಹದ ಸ್ವಂತ ಓಟದ ಒಂದು ಪಾಲು ನೌಕೆಗೆ ಬಂದಿರುತ್ತದೆ. ಗ್ರಹ ಓಡುತ್ತಿರುವಾಗ ಅದರ ಬೆನ್ನ ಹಿಂದೆ ಹಾದರೆ ವೇಗ ಕೂಡುತ್ತದೆ, ಎದುರಿನಿಂದ ಹಾದರೆ ಕಳೆಯುತ್ತದೆ.

1961ರಲ್ಲಿ ಮೈಕೆಲ್ ಮಿನೋವಿಚ್ ಎಂಬ ಅಮೆರಿಕನ್ ವಿದ್ಯಾರ್ಥಿ ಈ ಲೆಕ್ಕಗಳನ್ನು ಕಂಪ್ಯೂಟರಿನಲ್ಲಿ ಮಾಡತೊಡಗಿದ. 1974ರ ಫೆಬ್ರುವರಿಯಲ್ಲಿ ಮಾರಿನರ್ 10 ಶುಕ್ರನನ್ನು ಹಾದು, ಮಾರ್ಚ್ ಕೊನೆಗೆ ಬುಧನ ಬಳಿ ತಲುಪಿತು. ಒಂದು ಗ್ರಹದ ಗುರುತ್ವ ಹಿಡಿದು ಇನ್ನೊಂದು ಗ್ರಹ ಮುಟ್ಟಿದ ಮೊದಲ ನೌಕೆ ಅದು. 1977ರಲ್ಲಿ ಹೊರಟ ವಾಯೇಜರ್ 2 ಗುರು, ಶನಿ, ಯುರೇನಸ್‌ಗಳನ್ನು ಒಂದೊಂದಾಗಿ ಮೆಟ್ಟಿಲು ಮಾಡಿಕೊಂಡು 1989ರಲ್ಲಿ ನೆಪ್ಚೂನ್ ತಲುಪಿತು. ಅವರಿಗೆ ಇದ್ದ ಗ್ರಹಗಳಲ್ಲೇ ದಾರಿ ಹುಡುಕುವ ಕೆಲಸ. ನನಗೆ, ದಾರಿಗೆ ತಕ್ಕ ಗ್ರಹ ಮಾಡುವ ಕೆಲಸ.

ಇಲ್ಲಿ ಒಂದು ಸುಂದರ ಲೆಕ್ಕವಿದೆ. ನೌಕೆ ತೀರಾ ವೇಗವಾಗಿ ಬಂದರೆ ಗ್ರಹಕ್ಕೆ ಅದನ್ನು ತಿರುಗಿಸಲು ಪುರುಸೊತ್ತೇ ಸಿಗುವುದಿಲ್ಲ. ತೀರಾ ನಿಧಾನವಾಗಿ ಬಂದರೆ ಚೆನ್ನಾಗಿ ತಿರುಗುತ್ತದೆ, ಆದರೆ ತಿರುಗಿಸಲು ಇದ್ದ ವೇಗವೇ ಕಡಿಮೆ. ಎರಡರ ನಡುವೆ ಎಲ್ಲೋ ಅತ್ಯುತ್ತಮವಾದದ್ದು ಇರಬೇಕಲ್ಲ? ಇದೆ. ನೌಕೆಯ ದಾರಿ ಸರಿಯಾಗಿ 60 ಡಿಗ್ರಿ ತಿರುಗಿದಾಗ ಲಾಭ ಗರಿಷ್ಠ. ಆ ಲಾಭದ ಅಳತೆ ಇನ್ನೂ ಸೊಗಸಾದದ್ದು: ನೌಕೆ ಅತಿ ಹತ್ತಿರ ಬಂದ ಎತ್ತರದಲ್ಲಿ ಒಂದು ಉಪಗ್ರಹ ವೃತ್ತಾಕಾರವಾಗಿ ಸುತ್ತಲು ಎಷ್ಟು ವೇಗ ಬೇಕೋ, ಅಷ್ಟೇ ವೇಗವನ್ನು ಆ ಗ್ರಹ ಹೆಚ್ಚೆಂದರೆ ಕೊಡಬಲ್ಲದು. ಇದನ್ನು ಕಾಗದದ ಮೇಲೆ ಬಿಡಿಸಿಕೊಂಡ ದಿನ ನನಗೆ ಆದ ಸಂತೋಷ ಯಾವ ಲ್ಯಾಂಡಿಂಗಿನಲ್ಲೂ ಆಗಿರಲಿಲ್ಲ.

ಅಂದರೆ ಬರೀ ತೂಕವಿದ್ದರೆ ಸಾಲದು, ಆ ತೂಕದ ಹತ್ತಿರಕ್ಕೆ ಹೋಗಲು ಗ್ರಹ ಬಿಡಬೇಕು. ನನ್ನ ಮೊದಲ ಗ್ರಹ ಬಿಡುತ್ತಿರಲಿಲ್ಲ. ಭೂಮಿಯ 0.6ರಷ್ಟು ಗುರುತ್ವ, ಮೇಲೆ ನೂರು ಕಿಲೋಮೀಟರ್ ಗಾಳಿ. ಕೇಂದ್ರದಿಂದ 900 ಕಿಲೋಮೀಟರಿಗಿಂತ ಒಳಗೆ ಕಾಲಿಡುವಂತಿಲ್ಲ. ಲೆಕ್ಕ ಹಾಕಿದರೆ ಅದರ ಗರಿಷ್ಠ ಕೊಡುಗೆ ಸೆಕೆಂಡಿಗೆ 2,046 ಮೀಟರ್. ಗಾಳಿ ತೆಗೆದೆ. ತ್ರಿಜ್ಯವನ್ನು 400 ಕಿಲೋಮೀಟರಿಗೆ ಇಳಿಸಿ, ಗುರುತ್ವವನ್ನು ಭೂಮಿಯ ಎರಡರಷ್ಟು ಮಾಡಿದೆ. ಬೆಟ್ಟಗಳು ಮೂರು ಕಿಲೋಮೀಟರ್ ದಾಟದಂತೆ ತಗ್ಗಿಸಿದೆ, ನೆಲದಿಂದ ಹತ್ತು ಕಿಲೋಮೀಟರ್ ಮೇಲೆ ನಿರ್ಭಯವಾಗಿ ಹಾದುಹೋಗಬಹುದು. ಈಗ ಕೊಡುಗೆ 2,767 ಮೀಟರ್. ಹಳೆಯದಕ್ಕಿಂತ ಇದರ ತೂಕ ಕಡಿಮೆ, ಕೆರ್ಬಿನ್‌ಗಿಂತಲೂ ಕಡಿಮೆ. ಆದರೂ ವಾತಾವರಣ ಹೊದ್ದ ಕೆರ್ಬಿನ್ ಕೊಡಬಲ್ಲದ್ದು 2,300ರ ಆಸುಪಾಸು ಮಾತ್ರ.

ಇದಕ್ಕೆ ಕವಣೆ ಎಂದು ಹೆಸರಿಟ್ಟೆ. ಜೋಳದ ಹೊಲದ ಅಟ್ಟಣಿಗೆಯ ಮೇಲೆ ನಿಂತು ಹಕ್ಕಿ ಓಡಿಸುವವರ ಕೈಯಲ್ಲಿ ಕವಣೆ ತಿರುಗುವುದನ್ನು ಕಂಡವರಿಗೆ ಈ ಹೆಸರು ಬಿಡಿಸಿ ಹೇಳಬೇಕಿಲ್ಲ.

ಇಂಥ ಗ್ರಹ ನಿಜದಲ್ಲಿ ಇರಲಾರದು. ನಮ್ಮ ನೆಲದಲ್ಲಿ ಸಿಗುವ ಅತಿ ಸಾಂದ್ರ ಲೋಹ ಆಸ್ಮಿಯಂ ನೀರಿಗಿಂತ ಸುಮಾರು 22.6 ಪಟ್ಟು ಸಾಂದ್ರ. ಕವಣೆ 175 ಪಟ್ಟು. ಕೆರ್ಬಿನ್ ಕೂಡ ಆ ಲೆಕ್ಕದಲ್ಲಿ ಆಸ್ಮಿಯಂ ಅನ್ನು ಮೀರಿಸಿದೆ ಎಂಬುದರಿಂದ ನನಗೆ ಧೈರ್ಯ ಬಂತು. ಆದರೆ ಇದರ ಮೇಲೆ ಇಳಿಯುವುದು ಬಲು ಕಷ್ಟ. ಪ್ಯಾರಾಚೂಟ್ ಅರಳಿಸಲು ಗಾಳಿಯಿಲ್ಲ, ವೇಗವನ್ನೆಲ್ಲ ಇಂಧನ ಸುಟ್ಟೇ ಕಳೆಯಬೇಕು, ಮರಳಿ ಏರಲು ಮತ್ತೆ ಅಷ್ಟೇ ಬೇಕು. ಅದು ಇರುವುದೇ ಹಾಗೆ ಎಂದು ಬಿಟ್ಟೆ. ನೆಲಕ್ಕೆ ಬಣ್ಣ ಕೊಡುವಾಗಲೂ ಮೇಲಿಂದ ಓಡುತ್ತಾ ನೋಡುವ ಕಣ್ಣಿಗೆ ಕಾಣುವ ಉದ್ದುದ್ದ ಪಟ್ಟೆಗಳನ್ನೇ ಬಳಿದೆ.

ಇನ್ನು ಅದನ್ನು ಎಲ್ಲಿಡಬೇಕು? ನಾನು ತುಂಬಾ ಹೊತ್ತು ಕೂತದ್ದು ಈ ಪ್ರಶ್ನೆಯ ಮುಂದೆ. ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ಸಿಗದ ಗ್ರಹ ಎಷ್ಟು ಬಲವಾಗಿದ್ದರೇನು? ಅದರ ವರ್ಷ ಕೆರ್ಬಿನ್ ವರ್ಷದ ಅರ್ಧ ಇರಲಿ ಎಂದುಕೊಂಡೆ. ಆಗ ಅದು ಸೂರ್ಯನಿಂದ ಸುಮಾರು 85.7 ಲಕ್ಷ ಕಿಲೋಮೀಟರ್ ದೂರಕ್ಕೆ ಬರುತ್ತದೆ, ಕೆರ್ಬಿನ್‌ನ ಕಕ್ಷೆ 136 ಲಕ್ಷದಲ್ಲಿದೆ. ಈ ಅರ್ಧದ ಲೆಕ್ಕದಿಂದ, ಹೊರಡಲು ಹದವಾದ ಜೋಡಣೆ ಕೆರ್ಬಿನ್ ವರ್ಷಕ್ಕೊಮ್ಮೆ, ಆಕಾಶದ ಅದೇ ಜಾಗದಲ್ಲಿ ತಪ್ಪದೆ ಮರಳುತ್ತದೆ. ಹೊಸದಾಗಿ ಆಡುವ ಮಕ್ಕಳು ಒಮ್ಮೆ ತಪ್ಪಿಸಿಕೊಂಡರೆ ಮುಂದಿನ ವರ್ಷ ಅದೇ ದಿನ ಹತ್ತಬಹುದು, ಹಳ್ಳಿಯ ಬಸ್ಸಿನಂತೆ.

ಒಂದು ವಿಷಯದಲ್ಲಿ ಮಾತ್ರ ಮಕ್ಕಳಿಗೂ ವಿನಾಯಿತಿ ಕೊಡಲಾಗಲಿಲ್ಲ. ಕೆರ್ಬಿನ್ ಕಕ್ಷೆಯಿಂದ ಕವಣೆಗೆ ಅತಿ ಅಗ್ಗದ ದಾರಿ ಹಿಡಿದರೆ ಸೆಕೆಂಡಿಗೆ 1,130 ಮೀಟರಿನಷ್ಟು ವೇಗ ಬದಲಿಸುವ ಇಂಧನದ ಖರ್ಚಿನಲ್ಲಿ ತಲುಪಬಹುದು. ಆದರೆ ಹಾಗೆ ಬಂದ ನೌಕೆ ಗ್ರಹ ಓಡುವ ದಿಕ್ಕಿಗೇ ಮುಖಮಾಡಿ ಅದನ್ನು ಹಿಂದಿಕ್ಕುತ್ತಿರುತ್ತದೆ. ಆಗ ಎತ್ತ ತಿರುಗಿದರೂ ವೇಗ ಕಳೆಯುತ್ತದೆಯೇ ಹೊರತು ಕೂಡುವುದಿಲ್ಲ. ಸ್ವಲ್ಪ ಹೆಚ್ಚು ಇಂಧನ ಖರ್ಚುಮಾಡಿ, ಗ್ರಹದ ದಾರಿಯನ್ನು ಓರೆಯಾಗಿ ಕತ್ತರಿಸಿ ಬಂದವರಿಗೆ ಮಾತ್ರ ಕವಣೆ ಕೈಕೊಡದೆ ಕೆಲಸ ಮಾಡುತ್ತದೆ.

ಆಟದ ಆಕಾಶ ನಿಜದ ಆಕಾಶಕ್ಕಿಂತ ಸರಳ. ಗ್ರಹಗಳು ಹಳಿಯ ಮೇಲೆ ಓಡುವ ರೈಲಿನಂತೆ, ಒಂದನ್ನೊಂದು ಎಳೆಯುವುದಿಲ್ಲ. ನೌಕೆಯನ್ನೂ ಒಂದು ಕ್ಷಣಕ್ಕೆ ಒಂದೇ ಕಾಯ ಎಳೆಯುತ್ತದೆ. ಕವಣೆಯ ಕೇಂದ್ರದಿಂದ ಸುಮಾರು 50,600 ಕಿಲೋಮೀಟರಿನ ಗಡಿ ದಾಟಿದೊಡನೆ ಸೂರ್ಯನ ಹಿಡಿತ ಬಿಟ್ಟು ಅದರ ಹಿಡಿತ ಶುರು. ನಿಜದ ಆಕಾಶದಲ್ಲಿ ಎಲ್ಲವೂ ಎಲ್ಲವನ್ನೂ ಎಳೆಯುತ್ತಿರುತ್ತವೆ. ಚಂದ್ರಯಾನ-3ರ ಲ್ಯಾಂಡರನ್ನು ಹೊತ್ತೊಯ್ದ ಪ್ರೊಪಲ್ಷನ್ ಮಾಡ್ಯೂಲನ್ನು ಇಸ್ರೋ 2023ರ ಅಕ್ಟೋಬರಿನಲ್ಲಿ ಭೂಮಿಯ ಕಡೆಗೆ ತಿರುಗಿಸಿತ್ತು. 2025ರ ನವೆಂಬರಿನಲ್ಲಿ ಅದು ಮತ್ತೆ ಚಂದ್ರನ ಬಳಿ ಎರಡು ಸಲ ಹಾದಾಗ, ಬೆಂಗಳೂರಿನ ಇಸ್ಟ್ರ್ಯಾಕ್ ಕೇಂದ್ರದವರು ಅದರ ಚಲನೆಯ ಮೇಲೆ ಕಣ್ಣಿಟ್ಟಿದ್ದರು. ಚಂದ್ರನ ಸೆಳೆತದಿಂದಲೇ ಅದರ ಕಕ್ಷೆ ಹಿಗ್ಗಿತು. ಆ ಸುದ್ದಿ ಓದುವಾಗ ನನ್ನ ಪುಟ್ಟ ಗ್ರಹ ನೆನಪಾಗದೆ ಇರಲಿಲ್ಲ.

ನೇರವಾಗಿ ಜೂಲ್ ಎಂಬ ಹಸಿರು ದೈತ್ಯಗ್ರಹಕ್ಕೆ ಹೋಗಲು ಕೆರ್ಬಿನ್ ಕಕ್ಷೆಯಿಂದ ಸೆಕೆಂಡಿಗೆ 1,900 ಮೀಟರಿಗೂ ಹೆಚ್ಚು ಖರ್ಚು. ನಾನು ಅಷ್ಟು ಇಂಧನವಿಲ್ಲದ ಸಣ್ಣ ನೌಕೆ ಕಟ್ಟಿ, ಓರೆದಾರಿಯಲ್ಲಿ ಕವಣೆಯ ಕಡೆಗೆ ಬಿಟ್ಟೆ. ಗಡಿ ದಾಟಿದ ಮೇಲೆ ಮೊದಮೊದಲು ಏನೂ ಆಗುವುದಿಲ್ಲ, ಚುಕ್ಕಿ ಚುಕ್ಕಿಯಾಗಿಯೇ ಇರುತ್ತದೆ. ಕೊನೆಯ ಕೆಲವು ನಿಮಿಷಗಳಲ್ಲಿ ಅದು ಪರದೆ ತುಂಬಿಕೊಂಡಿತು. ನೆಲದಿಂದ ಹತ್ತು ಕಿಲೋಮೀಟರ್ ಮೇಲೆ, ಸೆಕೆಂಡಿಗೆ ನಾಲ್ಕು ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ, ನಾನು ಬಳಿದ ಪಟ್ಟೆಗಳು ಕೆಳಗೆ ಹರಿದುಹೋದವು. ಎಂಜಿನ್ ಆರಿತ್ತು. ನಕ್ಷೆ ತೆರೆದು ನೋಡಿದರೆ, ಅಲ್ಲಿಯವರೆಗೆ ಒಳಸುತ್ತಿನಲ್ಲೇ ಇದ್ದ ದಾರಿ ಕೆರ್ಬಿನ್‌ನ ಕಕ್ಷೆಯನ್ನು ಕತ್ತರಿಸಿ ಹೊರಗೆ ಚಾಚಿತ್ತು. ಇನ್ನು ಕೆರ್ಬಿನ್‌ನನ್ನೇ ಒಂದೆರಡು ಸಲ ಹಾದರೆ ಜೂಲ್. ಹಿಂದಿನ ಕ್ಯಾಮೆರಾದಲ್ಲಿ ಕವಣೆ ಮತ್ತೆ ಚುಕ್ಕಿಯಾಗುತ್ತಿತ್ತು.