ಕಣ್ಣಿಗೆ ಕಾಣದ ಹಣ: ಕೂಡಿಡುವುದೆಂತು?

ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿಂದೆದ್ದವನು ಈಗ ಜೇಬಿಗೆ ಕೈಹಾಕಿ ಚಿಲ್ಲರೆ ಎಣಿಸಬೇಕಾಗಿಲ್ಲ. ಗಲ್ಲಾಪೆಟ್ಟಿಗೆಯ ಬಳಿಯಿರುವ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದರಾಯಿತು, ಸಲ್ಲಬೇಕಾದ ಹಣ ಸಂದುಹೋಗುತ್ತದೆ. 2016ರಲ್ಲಿ ಯುಪಿಐ ಬಂದಮೇಲೆ ಮಂಡಕ್ಕಿ-ಮೆಣಸಿನಕಾಯಿಯ ಅಂಗಡಿಗೂ ಈ ಸೌಕರ್ಯ ಒದಗಿದೆ. ಅನುಕೂಲ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ನೋಟು ಕೈಬಿಡುವಾಗ ಆಗುತ್ತಿದ್ದ ಸಣ್ಣ ಸಂಕಟವೊಂದಿತ್ತು. ಸಂಸಾರಸ್ಥನ ಉಳಿತಾಯಕ್ಕೆ ಅದೇ ಕಾವಲಾಗಿತ್ತು. ಆ ಕಾವಲು ಈಗ ತಪ್ಪಿದೆ. ದಿನಕ್ಕೆ 50 ರೂಪಾಯಿ ಹೀಗೆ ಅರಿವಿಲ್ಲದೆ ಜಾರಿದರೂ ವರ್ಷಕ್ಕೆ 18,250 ರೂಪಾಯಿಯಾಗುತ್ತದೆ.

ಆಪತ್ಕಾಲಕ್ಕೆ ನಾಲ್ಕು ಕಾಸು ಬೇಕೆಂಬುದನ್ನು ಈ ಸೀಮೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹತ್ತಿಯ ಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿದ್ದ ದಾವಣಗೆರೆ, ಆ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದನ್ನು ಕಂಡಿದೆ. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತುಹೋಯಿತು. ತಿಂಗಳ ಸಂಬಳವೆಂಬುದು ತುಂಗಭದ್ರೆಯ ನೀರಿನಂತೆ. ಸದಾ ತುಂಬಿಯೇ ಹರಿಯುವುದೆಂದು ನಂಬಿ ಕೂರುವಂತಿಲ್ಲ.

ಹಾಗಾದರೆ ಉಪಾಯವೇನು? ಅದು ಕನ್ನಡ ನಾಡಿನಲ್ಲಿಯೇ ಹುಟ್ಟಿದ್ದು. 1925ರಲ್ಲಿ ಉಡುಪಿಯಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಬ್ಯಾಂಕಿನ ಪ್ರತಿನಿಧಿ ಮನೆಬಾಗಿಲಿಗೆ ಬಂದು ಪಡೆದೊಯ್ಯುತ್ತಿದ್ದ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಪಿಗ್ಮಿ ಎಂಬ ಮಾತು ಅಂಗಡಿಬೀದಿಗಳಲ್ಲಿ ಇಂದಿಗೂ ಉಳಿದಿದೆ. ಅದರ ಗುಟ್ಟು ಸರಳ. ಹಣ ಖರ್ಚಾಗುವ ಮುನ್ನವೇ ಕೇಳುವವನೊಬ್ಬ ಎದುರು ಬಂದು ನಿಲ್ಲುತ್ತಿದ್ದ.

ಆ ಪಿಗ್ಮಿಯವನ ಕೆಲಸವನ್ನು ಇಂದು ಮೊಬೈಲಿಗೇ ಒಪ್ಪಿಸಬಹುದು. ಸಂಬಳ ಜಮೆಯಾದ ಮರುದಿನವೇ ಗೊತ್ತಾದ ಮೊತ್ತವೊಂದು ಆರ್.ಡಿ. ಖಾತೆಗೆ ತಾನಾಗಿಯೇ ಹೋಗುವಂತೆ ಬ್ಯಾಂಕಿನ ಆ್ಯಪ್‌ನಲ್ಲಿ ಒಮ್ಮೆ ಸೂಚನೆ ಕೊಟ್ಟರೆ ಸಾಕು. ತಿಂಗಳಿಗೆ 2,000 ರೂಪಾಯಿಯಂತೆ ಐದು ವರ್ಷಕ್ಕೆ ಅಸಲೇ 1,20,000 ರೂಪಾಯಿ, ಬಡ್ಡಿ ಬೇರೆ. ದಿನನಿತ್ಯದ ಖರ್ಚಿಗೆ ಇನ್ನೊಂದು ಖಾತೆಯನ್ನಿಟ್ಟು, ಯುಪಿಐಯನ್ನು ಅದಕ್ಕೆ ಮಾತ್ರ ಜೋಡಿಸುವುದು ಮತ್ತೊಂದು ಜಾಣತನ. ಅದರಲ್ಲಿನ ಹಣ ತಗ್ಗಿದಂತೆ ಕೈಯೂ ತಾನಾಗಿ ಬಿಗಿಯಾಗುತ್ತದೆ. ತಿಂಗಳಿಗೊಮ್ಮೆ ಗಂಡಹೆಂಡಿರು ಜೊತೆಗೆ ಕುಳಿತು ಖಾತೆಯ ಲೆಕ್ಕವನ್ನು ಓದುವುದೂ ಒಳ್ಳೆಯದು. ಹಿಂದಿನ ಗೃಹಿಣಿ ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದ ಹಾಲು-ತರಕಾರಿಯ ಲೆಕ್ಕವನ್ನು ಈಗ ಬ್ಯಾಂಕೇ ಬರೆದುಕೊಡುತ್ತದೆ. ಓದುವ ವ್ಯವಧಾನವೊಂದು ಬೇಕು.

ಕೂಡಿಟ್ಟುದನ್ನು ಕಾಯುವ ಎಚ್ಚರವೂ ಅಷ್ಟೇ ಮುಖ್ಯ. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವಾಗ. ಯಾರೋ ಕಳಿಸಿದ ಹಣವನ್ನು ಪಡೆಯಲು ಅದನ್ನು ಒತ್ತಬೇಕಾಗಿಲ್ಲ. ಒತ್ತೆಂದು ಹೇಳುವವನು ವಂಚಕನೇ ಸರಿ. ಮೋಸ ನಡೆದದ್ದು ತಿಳಿದೊಡನೆ 1930 ಸಂಖ್ಯೆಗೆ ಕರೆಮಾಡಬೇಕು. ತಡಮಾಡಿದಷ್ಟೂ ಹಣ ಕೈಮೀರುತ್ತದೆ. ಠೇವಣಿ ವಿಮೆಯುಳ್ಳ ಬ್ಯಾಂಕು ವಿಫಲವಾದರೆ, ಅದು ಸಹಕಾರಿ ಬ್ಯಾಂಕಾದರೂ, ಒಬ್ಬ ಠೇವಣಿದಾರನ 5 ಲಕ್ಷ ರೂಪಾಯಿಯವರೆಗಿನ ಹಣಕ್ಕೆ 2020ರಿಂದ ರಕ್ಷಣೆಯುಂಟು. ಹೆಚ್ಚು ಬಡ್ಡಿಯ ಆಸೆ ತೋರಿಸುವ ಎಲ್ಲ ಸಂಸ್ಥೆಗಳಿಗೂ ಈ ವಿಮೆಯಿಲ್ಲ; ಹಣವಿಡುವ ಮುನ್ನ ವಿಚಾರಿಸುವುದು ಕ್ಷೇಮ.

ಹನಿಗೂಡಿದರೆ ಹಳ್ಳವೆಂಬ ಮಾತನ್ನು ಅರಿಯದವರಿಲ್ಲ. ಮನೆಬಾಗಿಲಿಗೆ ಬರುತ್ತಿದ್ದ ಪಿಗ್ಮಿಯವನಿಗೂ ‘ನಾಳೆ ಬಾ’ ಎಂದು ಹೇಳಿ ಕಳಿಸುವುದಿತ್ತು. ಒಮ್ಮೆ ಗೊತ್ತುಮಾಡಿದ ಮೊಬೈಲಿನ ಸೂಚನೆಗೆ ಅಂತಹ ದಾಕ್ಷಿಣ್ಯವಿಲ್ಲ. ಸಂಸಾರಕ್ಕೆ ಲಾಭವಿರುವುದೂ ಅಲ್ಲಿಯೇ.